ಎರಡು ನಿಮಿಷಕ್ಕೊಂದು ಉಪಕಾರ

(ಸಭೆಯೊಂದರಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ. ಮಾತು ಎಲ್ಲೆಲ್ಲೋ ಹೋದ ಕಡೆ ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನಾನು ಬಾಯಿ ತೆರೆಯುವ ಮೊದಲೇ ಈ ಮೈಕು ಎರಡು ಸಲ ಕೈಕೊಟ್ಟಿತು. ನೀವೇ ನೋಡಿದಿರಿ. ಮೂರನೇ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು ಬಂದ. ಬಗ್ಗಿ ವೈರನ್ನು ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಿದ. ಹೋಗಿ ತನ್ನ ಜಾಗದಲ್ಲಿ ಕೂತ. ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಸಂಘಟಕರ ಪೈಕಿಯವನೂ ಅಲ್ಲವಂತೆ, ಈಗಷ್ಟೇ ಕೇಳಿ ತಿಳಿದುಕೊಂಡೆ. ಇಲ್ಲಿ ಯಾರಾದರೂ ಅವನಿಗೆ ಥ್ಯಾಂಕ್ಸ್ ಹೇಳಿದಿರಾ? ಇಲ್ಲ. ನಾನೂ ಹೇಳಲಿಲ್ಲ. ಸದ್ಯ ಮೈಕು ಸರಿಹೋಯಿತಲ್ಲ ಅಂದುಕೊಂಡು ಕಾಗದ ಬಿಡಿಸಿದೆ. ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಂಡು ಬಂದಿದ್ದೇನೆ, 'ಮಾಮೂಲಿ ದಿನದ ಸಣ್ಣ ಖುಷಿ, ನೆನೆಸದ ಕಡೆಯಿಂದ ಬರುವ ಉಪಕಾರ' ಅಂತ. ಉಪಕಾರ ಎದುರಿಗೇ ಬಂದು ಬಗ್ಗಿ ವೈರು ಸಿಕ್ಕಿಸಿ ಹೋದರೂ ನನಗೆ ಕಾಣಲಿಲ್ಲ.

ಹಾಗಂತ ನಮ್ಮನ್ನು ನಾವೇ ಬೈದುಕೊಳ್ಳುವುದು ಬೇಡ. ಕಾಣದೇ ಇರುವುದಕ್ಕೆ ಕಾರಣ ಇದೆ. ಇವತ್ತು ನಾನು ಹೇಳಬೇಕು ಅಂತಿರುವುದೂ ಹೆಚ್ಚುಕಮ್ಮಿ ಅದನ್ನೇ. ಉಪಕಾರ ಅಪರೂಪ, ಅದಕ್ಕೇ ಅದು ಸಿಕ್ಕಾಗ ಆಶ್ಚರ್ಯ ಆಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಅದು ಎಷ್ಟು ಜಾಸ್ತಿ ಇದೆ ಅಂದರೆ ಲೆಕ್ಕಕ್ಕೇ ಬರುವುದಿಲ್ಲ. ತಪ್ಪಿರುವುದು ನಮ್ಮ ಅಂದಾಜು.

ಜೊವಾನಿ ರೋಸ್ಸಿ ಅಂತ ಒಬ್ಬ ಸಮಾಜಶಾಸ್ತ್ರಜ್ಞ. ಅವರೂ ಅವರ ಜೊತೆಗಾರರೂ ಸೇರಿ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ಭಾಷೆಗಳ ಜನರನ್ನು ಅವರವರ ಮನೆ, ಕೇರಿಗಳಲ್ಲಿ ವಿಡಿಯೊ ಮಾಡಿಕೊಂಡಿದ್ದರು. ಇಂಗ್ಲಿಷ್, ಇಟಾಲಿಯನ್, ಪೋಲಿಷ್, ರಷ್ಯನ್ ಆಡುವವರು ಇದ್ದರು. ಲಾವೋಸ್, ಘಾನಾ, ಎಕ್ವಡಾರ್‌ನ ಹಳ್ಳಿಯವರು ಇದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಗಳೂ ಇದ್ದರು. ಯಾರಿಗೂ ಯಾವ ಪರೀಕ್ಷೆಯೂ ಇಲ್ಲ. ಸುಮ್ನೆ ತಮ್ಮ ಪಾಡಿಗೆ ತಾವು ಇದ್ದವರು. ಅದರಲ್ಲಿ ಸಂಶೋಧಕರು ಹುಡುಕಿದ್ದು ತೀರಾ ಚಿಲ್ಲರೆ ಸಂಗತಿಗಳನ್ನು. ಅದನ್ನು ಇತ್ತ ಕೊಡು, ಇದನ್ನು ಸ್ವಲ್ಪ ಹಿಡಿದುಕೋ, ಬಾಗಿಲು ಹಾಕು, ಸ್ವಲ್ಪ ಸರಿದು ಜಾಗ ಬಿಡು. ಇಂಥದ್ದು ಸರಾಸರಿ 2 ನಿಮಿಷ 17 ಸೆಕೆಂಡಿಗೆ ಒಂದು ಸಲ ನಡೆಯುತ್ತಿತ್ತು. ಕೇಳಿದವರಿಗೆ ಆಗಲ್ಲ ಅಂದದ್ದಕ್ಕಿಂತ ಮಾಡಿಕೊಟ್ಟದ್ದು ಏಳು ಪಟ್ಟು ಜಾಸ್ತಿ. ಇನ್ನೊಂದು ನೋಡಿ. ಆಗಲ್ಲ ಅನ್ನುವವರು ಸಾಮಾನ್ಯವಾಗಿ ಕಾರಣ ಹೇಳುತ್ತಿದ್ದರು. ಮಾಡಿಕೊಡುವವರು ಕಾರಣ ಹೇಳುತ್ತಿರಲಿಲ್ಲ. ಹೌದಲ್ಲ, ನೀರಿನ ಲೋಟ ಕೈಗೆ ಕೊಡುತ್ತಾ 'ಯಾಕೆ ಕೊಡ್ತಿದ್ದೀನಿ ಅಂದ್ರೆ' ಅಂತ ಯಾರು ಶುರು ಮಾಡುತ್ತಾರೆ? ಕೊಡುವುದೇ ವಾಡಿಕೆ. ಕೊಡದೇ ಇದ್ದರೆ ಮಾತ್ರ ನೆಪ ಬೇಕು.

ಈ ತಂಡದವರೇ 2018ರಲ್ಲಿ ಇನ್ನೊಂದನ್ನು ನೋಡಿದ್ದರು. ಕೇಳಿದ್ದು ಸಿಕ್ಕ ಮೇಲೆ ಜನ ಎಷ್ಟು ಸಲ ಥ್ಯಾಂಕ್ಸ್ ಹೇಳುತ್ತಾರೆ? ಇಪ್ಪತ್ತಕ್ಕೆ ಒಂದು ಸಲ, ಅಷ್ಟೇ. ಎಕ್ವಡಾರ್‌ನ ಚಾಪಲಾ ಭಾಷೆಯಲ್ಲಂತೂ ಥ್ಯಾಂಕ್ಸ್ ಹೇಳುವುದಕ್ಕೆ ರೂಢಿಯ ಮಾತೇ ಇಲ್ಲ. ಅವರು ಕೃತಘ್ನರಾ? ಹಾಗಾದರೆ ನಾವೂ ಕೃತಘ್ನರೇ. 'ಧನ್ಯವಾದ' ಅನ್ನುವ ಪದ ನಮ್ಮಲ್ಲಿದೆ, ನಿಜ. ಅದು ವೇದಿಕೆಗೆ ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗೆ. ಟವೆಲು ತಂದುಕೊಟ್ಟ ಅಮ್ಮನಿಗೆ ಒಮ್ಮೆ 'ಧನ್ಯವಾದಗಳು' ಅಂದು ನೋಡಿ. 'ಯಾಕೋ, ಹುಷಾರಿಲ್ವಾ?' ಅಂತ ಹಣೆ ಮುಟ್ಟಿ ನೋಡುತ್ತಾರೆ.

ಹೀಗೆ ಎರಡು ನಿಮಿಷಕ್ಕೊಮ್ಮೆ ನಡೆಯುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕಣ್ಣು ಮಿಟುಕಿಸಿದ್ದನ್ನು ಯಾರಾದರೂ ಎಣಿಸುತ್ತಾರಾ?

ಆದರೂ ಎಣಿಸಿ ನೋಡೋಣ ಅಂತ ನನಗೆ ಹುಚ್ಚು ಹಿಡಿಯಿತು. ಕಳೆದ ವಾರ ಒಂದು ದಿನ ಬೆಳಗ್ಗೆ ಎದ್ದಾಗಿನಿಂದ ಶುರು ಮಾಡಿದೆ. ಯಾರಾದರೂ ನನಗೋಸ್ಕರ ಏನಾದರೂ ಮಾಡಿದರೆ ಕೈಯ ಹಿಂಭಾಗದಲ್ಲಿ ಪೆನ್ನಿನಿಂದ ಒಂದು ಗೆರೆ. ನಾನೇ ಮಾಡಿಕೊಂಡ ನಿಯಮ ಏನೆಂದರೆ, ಸಂಬಳಕ್ಕೆ ಮಾಡುವ ಕೆಲಸ ಲೆಕ್ಕಕ್ಕಿಲ್ಲ. ನಿಯಮ ಬಸ್ಸಿನ ಹತ್ತಿರವೇ ಮುರಿದುಬಿತ್ತು. ಬಸ್ಸು ಓಡಿಸುವುದು ಡ್ರೈವರ್ ಕೆಲಸ, ಸರಿ. ನಾನು ಏದುಸಿರು ಬಿಡುತ್ತಾ ಓಡಿ ಬರುವುದನ್ನು ಕನ್ನಡಿಯಲ್ಲಿ ನೋಡಿ ನಾಲ್ಕು ಕ್ಷಣ ನಿಲ್ಲಿಸಿದರಲ್ಲ, ಅದಕ್ಕೆ ಸಂಬಳ ಯಾರು ಕೊಡುತ್ತಾರೆ? ಗೆರೆ ಹಾಕಿದೆ. ಮುಂದೆ ನಿಂತಿದ್ದವರು ನನ್ನ ಚೀಲ ತಾವಾಗಿಯೇ ತೊಡೆಯ ಮೇಲೆ ಇಟ್ಟುಕೊಂಡರು ಅಂತ ಬರೆದುಕೊಂಡಿದ್ದೇನೆ ಇಲ್ಲಿ. ನಿಂತವರಿಗೆ ಎಲ್ಲಿಯ ತೊಡೆ! ಕೂತಿದ್ದವರು. ಲಿಫ್ಟ್ ಬಾಗಿಲಿಗೆ ಕೈ ಅಡ್ಡ ಇಟ್ಟವರೊಬ್ಬರು. 'ನಿಮ್ಮ ಶೂ ಲೇಸ್ ಬಿಚ್ಚಿದೆ' ಅಂದ ಮಗು ಒಂದು. ಹನ್ನೊಂದು ಗಂಟೆಗೆ ಹದಿನಾಲ್ಕು ಗೆರೆ ಆಗಿತ್ತು, ಪೆನ್ನು ಮುಗಿಯಿತು. ಪಕ್ಕದ ಮೇಜಿನವರು ತಮ್ಮ ಪೆನ್ನು ಕೊಟ್ಟರು. ಅವರ ಪೆನ್ನಿನಲ್ಲೇ ಅವರ ಗೆರೆ ಹಾಕಿದೆ. ಊಟದ ಹೊತ್ತಿಗೆ ಕೈ ತೊಳೆದಾಗ ಅರ್ಧ ಅಳಿಸಿಹೋಯಿತು, ಅಲ್ಲಿಗೆ ಬಿಟ್ಟೆ. ಆ ದಿನ ಹಬ್ಬವಲ್ಲ, ಹುಟ್ಟಿದ ದಿನವಲ್ಲ. ಸಂಜೆ ಯಾರಾದರೂ 'ಇವತ್ತು ಏನು ವಿಶೇಷ?' ಅಂತ ಕೇಳಿದ್ದರೆ 'ಏನೂ ಇಲ್ಲ' ಅನ್ನುತ್ತಿದ್ದೆ.

ಈಗ ಒಂದು ಹಳೆಯ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ಒಮ್ಮೆ ನಮ್ಮ ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಯಾವ ಆಸ್ಪತ್ರೆ ಅನ್ನುವುದು ಬೇಡ. ರಾತ್ರಿ ಹೊತ್ತು. ಕೌಂಟರಿನಲ್ಲಿ ಒಬ್ಬರು ಕೂತಿದ್ದರು. ಒಂದು ಕಾಗದ ಕಡಿಮೆ ಇದೆ ಅಂತ ನನ್ನನ್ನು ಮೂರು ಸಲ ವಾಪಸ್ ಕಳಿಸಿದರು. ಮೂರನೇ ಸಲ 'ಓದೋಕೆ ಬರಲ್ವಾ?' ಅಂದರು. ಆ ಮಾತು ನನ್ನೊಳಗೆ ಹೇಗೆ ಕೂತಿತು ಅಂದರೆ, ವರ್ಷಗಟ್ಟಲೆ ಅದನ್ನು ಕಂಡಕಂಡವರಿಗೆಲ್ಲ ಹೇಳಿದೆ. ಮದುವೆ ಮನೆಯಲ್ಲಿ ಹೇಳಿದೆ, ರೈಲಿನಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಅವರ ಧ್ವನಿಯನ್ನು ಅನುಕರಿಸುವುದನ್ನೂ ಕಲಿತೆ. ಕೇಳಿದವರು ನಗುತ್ತಿದ್ದರು, ಅದಕ್ಕೇ ಇನ್ನಷ್ಟು ಹೇಳುತ್ತಿದ್ದೆ.

ಒಂದು ದಿನ ಹೀಗೇ ಹೇಳುತ್ತಿದ್ದಾಗ ನನ್ನ ತಂಗಿ ಪಕ್ಕದಲ್ಲಿದ್ದಳು. 'ಅಕ್ಕ, ಆ ಮೂರು ರಾತ್ರಿ ನೀನು ಎಲ್ಲಿ ಮಲಗಿದ್ದೆ?' ಅಂದಳು.

ಎಲ್ಲಿ ಮಲಗಿದ್ದೆ? ಮಲಗಿರಲಿಲ್ಲ, ಕುರ್ಚಿಯ ಮೇಲೆ ಕೂತಿದ್ದೆ. ಕುರ್ಚಿ ಎಲ್ಲಿಂದ ಬಂತು? ಆಗ ನೆನಪಾಯಿತು. ಪಕ್ಕದ ಹಾಸಿಗೆಯ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಗಂಡಸು ಇದ್ದರು. ಆ ವಾರ್ಡಿನಲ್ಲಿ ಕುರ್ಚಿಗಳು ಕಡಿಮೆ. ಅವರ ಹತ್ತಿರ ಒಂದಿತ್ತು. ಅದನ್ನು ನನ್ನ ಕಡೆ ತಳ್ಳಿ 'ನನಗೆ ನೆಲವೇ ಒಗ್ಗಿದೆ ಬಿಡಿ' ಅಂದು ಗೋಡೆಗೆ ಒರಗಿ ಕೂತರು. ಮೂರು ರಾತ್ರಿ. ಆ ಕುರ್ಚಿಗೆ ಒಂದು ಕಾಲು ಮೋಟು. ಹಳೆಯ ಕಾಗದವನ್ನು ಮಡಚಿ ಮಡಚಿ ಕೆಳಗೆ ಇಟ್ಟಿದ್ದರು. ನಾನು ಎದ್ದು ಹೋಗಿ ಬಂದಾಗಲೆಲ್ಲ ಆ ಕಾಗದ ಜರುಗುತ್ತಿತ್ತು. ಅವರು ಕೈ ಚಾಚಿ ಸರಿ ಮಾಡುತ್ತಿದ್ದರು. ಇಷ್ಟೆಲ್ಲ ನನಗೆ ಗೊತ್ತಿತ್ತು ನೋಡಿ. ಒಳಗೆ ಎಲ್ಲೋ ಇತ್ತು. ಆದರೆ ಅಷ್ಟು ವರ್ಷ ಒಬ್ಬರಿಗೂ ಹೇಳಿರಲಿಲ್ಲ. ಒಂದು ನಿಮಿಷ ಬೈದವರಿಗೆ ವರ್ಷಗಟ್ಟಲೆ ಜಾಗ ಕೊಟ್ಟೆ. ಮೂರು ರಾತ್ರಿ ನೆಲದ ಮೇಲೆ ಕೂತವರಿಗೆ ಒಂದು ವಾಕ್ಯವೂ ಇಲ್ಲ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಚರ್ಚೆಯೇ ಇದೆ. 2001ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಜೊತೆಗಾರರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಒಂದು ದೀರ್ಘ ಲೇಖನ ಬರೆದರು. ಒಳ್ಳೆಯದಕ್ಕಿಂತ ಕೆಟ್ಟದ್ದು ನಮ್ಮ ಮೇಲೆ ಜಾಸ್ತಿ ಪ್ರಭಾವ ಬೀರುತ್ತದೆ ಅನ್ನುವುದು ಅದರ ತಿರುಳು. ಬೈಗುಳ ಹೊಗಳಿಕೆಗಿಂತ ಜಾಸ್ತಿ ದಿನ ಉಳಿಯುತ್ತದೆ. ಇದರಲ್ಲಿ ಅರ್ಥವಿದೆ. ಹಣ್ಣನ್ನು ಗಮನಿಸದೆ ಹೋದರೆ ನಾಳೆ ಇನ್ನೊಂದು ಸಿಗುತ್ತದೆ. ಹಾವನ್ನು ಗಮನಿಸದೆ ಹೋದರೆ ನಾಳೆ ಎನ್ನುವುದೇ ಇಲ್ಲ. ಹಾಗಾಗಿ ಕೌಂಟರಿನವರು ನೆನಪಲ್ಲಿ ಉಳಿದಿದ್ದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿದ್ದೇನೆ. ಅವರ ಧ್ವನಿ ಅನುಕರಿಸಿದ್ದಕ್ಕೆ ಮಾತ್ರ ಸ್ವಲ್ಪ ನಾಚಿಕೆ ಇದೆ. ಅವರಿಗೂ ಅದು ರಾತ್ರಿ ಪಾಳಿಯೇ ಅಲ್ವಾ?

ಇಲ್ಲಿ ಒಂದು ಮಾತು ಬಿಟ್ಟು ಮುಂದೆ ಹೋಗಲಾರೆ. ಆ ವಾರ್ಡಿನಲ್ಲಿ ಸಾಕಷ್ಟು ಕುರ್ಚಿ ಇದ್ದಿದ್ದರೆ ಆ ಮನುಷ್ಯ ನೆಲದ ಮೇಲೆ ಕೂರಬೇಕಾಗಿರಲಿಲ್ಲ. ಸಣ್ಣ ಖುಷಿ, ಸಣ್ಣ ಉಪಕಾರ ಅಂತ ಮಾತಾಡುವವರು ಸಾಮಾನ್ಯವಾಗಿ ಇದನ್ನು ನುಂಗಿಬಿಡುತ್ತಾರೆ. ಕುರ್ಚಿ ಹಾಕುವುದು ಆಸ್ಪತ್ರೆಯ ಕೆಲಸ. ಅದಾಗದೇ ಇದ್ದಾಗ ಒಬ್ಬರ ಒಳ್ಳೆಯತನ ಆ ಜಾಗ ತುಂಬಿತು. ಒಳ್ಳೆಯತನವನ್ನು ಹೊಗಳುತ್ತಾ ಕುರ್ಚಿಯನ್ನು ಮರೆಯಬಾರದು. ಸಂಬಳ ಸಾಲದವರಿಗೆ, ಕೆಲಸದಲ್ಲಿ ಅವಮಾನ ಆಗುತ್ತಿರುವವರಿಗೆ 'ಸೂರ್ಯಾಸ್ತ ನೋಡಿ, ಮನಸ್ಸು ಹಗುರಾಗುತ್ತೆ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಸಂಬಳಕ್ಕೆ ಬದಲಲ್ಲ.

ಸರಿ, ಮುಂದಕ್ಕೆ ಹೋಗೋಣ. ಒಳ್ಳೆಯದು ಕಾಣದೇ ಇರುವುದಕ್ಕೆ ಇನ್ನೊಂದು ಕಾರಣ ಅವಸರ.

1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅನ್ನುವವರು ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಕಲಿಯುವ ವಿದ್ಯಾರ್ಥಿಗಳು. ಅವರಿಗೆ ಇನ್ನೊಂದು ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಿ ಅಂದರು. ಅರ್ಧ ಜನರಿಗೆ ಕೊಟ್ಟ ವಿಷಯ ಬೈಬಲ್ಲಿನ ದಯಾಳು ಸಮಾರ್ಯದವನ ಕಥೆ. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಅಪರಿಚಿತನೊಬ್ಬ ನೆರವಾಗುವ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದವರು ಸಂಶೋಧಕರೇ. ಹೊರಡುವಾಗ ಕೆಲವರಿಗೆ 'ಇನ್ನೂ ಸಮಯ ಇದೆ' ಅಂದಿದ್ದರು, ಕೆಲವರಿಗೆ 'ಸರಿಯಾದ ಸಮಯ, ಹೊರಡಿ' ಅಂದಿದ್ದರು, ಕೆಲವರಿಗೆ 'ಆಗಲೇ ತಡವಾಯಿತು, ಬೇಗ' ಅಂದಿದ್ದರು. ಸಮಯ ಇದ್ದವರಲ್ಲಿ ನೂರಕ್ಕೆ 63 ಜನ ಏನಾದರೂ ನೆರವು ಕೊಟ್ಟರು. ನಡುವಿನವರಲ್ಲಿ 45. ತಡವಾದವರಲ್ಲಿ ಬರೀ 10. ಭಾಷಣದ ವಿಷಯದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಸಮಾರ್ಯದವನ ಕಥೆ ಹೇಳಲು ಹೊರಟವರೇ ನರಳುವವನನ್ನು ದಾಟಿಕೊಂಡು ಹೋದರು.

ಪ್ರಯೋಗ ಸಣ್ಣದು, ಇದ್ದವರು 40 ಜನ. ಅಂಕಿಗಳನ್ನು ಕಲ್ಲಿನಲ್ಲಿ ಕೆತ್ತಿಸುವುದು ಬೇಡ. ಆದರೆ ನನಗೆ ಅದು ಚುಚ್ಚುತ್ತದೆ. ಯಾಕೆಂದರೆ ನಾನೂ ಉಪಕಾರದ ಬಗ್ಗೆ ಭಾಷಣ ಮಾಡುವವಳು. ಇವತ್ತೂ ತಡವಾಗಿ ಓಡಿ ಬಂದೆ. ದಾರಿಯಲ್ಲಿ ಏನೇನು ದಾಟಿ ಬಂದೆನೋ, ಗೊತ್ತಿಲ್ಲ.

ಇಷ್ಟು ಹೊತ್ತು ಪಡೆಯುವವರ ಕಡೆಯಿಂದ ಮಾತಾಡಿದೆ. ಕೊಡುವವರ ಅಂದಾಜೂ ತಪ್ಪೇ. ಇದು ನನಗೆ ಇನ್ನೂ ಸ್ವಾರಸ್ಯ.

ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಶಿಕಾಗೊ ಕಡೆ ದಿನಾ ರೈಲಿನಲ್ಲಿ ಓಡಾಡುವವರನ್ನು ಹಿಡಿದುಕೊಂಡು ಒಂದು ಅಧ್ಯಯನ ಮಾಡಿದರು, 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಪಕ್ಕದ ಅಪರಿಚಿತರನ್ನು ಮಾತಾಡಿಸಿ ಅಂದರು, ಕೆಲವರಿಗೆ ಒಬ್ಬರೇ ಸುಮ್ಮನೆ ಕೂತಿರಿ ಅಂದರು, ಕೆಲವರಿಗೆ ದಿನಾ ಇರುವ ಹಾಗೆ ಇರಿ ಅಂದರು. ಪ್ರಯಾಣ ಹಿತವಾಗಿತ್ತು ಅಂದವರಲ್ಲಿ ಮಾತಾಡಿದವರು ಮುಂದಿದ್ದರು. ಬೇರೆಯವರನ್ನು ಕರೆದು 'ಹೀಗೆ ಮಾಡಿದರೆ ಹೇಗಿರುತ್ತೆ?' ಅಂತ ಊಹಿಸಲು ಹೇಳಿದಾಗ ಎಲ್ಲ ತಿರುಗಮುರುಗ. ಮಾತಾಡಿಸುವುದು ಹಿಂಸೆ, ಸುಮ್ಮನಿರುವುದೇ ಸುಖ ಅಂದರು. ರೈಲಿನ ತುಂಬ ಮಾತಾಡಿದರೆ ಚೆನ್ನಾಗಿರುತ್ತದೆ ಅನ್ನಿಸಬಹುದಾದವರೇ ಕೂತಿರುತ್ತಾರೆ. ಪಕ್ಕದವರಿಗೆ ಇಷ್ಟ ಇಲ್ಲವೇನೋ ಅಂತ ಒಬ್ಬರಿಗೊಬ್ಬರು ಹೆದರಿಕೊಂಡು ಫೋನು ನೋಡುತ್ತಾ ಇಳಿದುಹೋಗುತ್ತಾರೆ.

ಇದೇ ಎಪ್ಲಿ, ಅಮಿತ್ ಕುಮಾರ್ ಜೊತೆ ಸೇರಿ 2022ರಲ್ಲಿ ಪ್ರಕಟಿಸಿದ್ದು ಇನ್ನೊಂದು. ಚಳಿಗಾಲ, ಮಂಜುಗಡ್ಡೆಯ ಮೇಲೆ ಜಾರುವ ಜಾಗ. ಅಲ್ಲಿ ಬಂದವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಕೊಟ್ಟು, ನೀವೇ ಇಟ್ಟುಕೊಳ್ಳಬಹುದು, ಇಲ್ಲವಾದರೆ ಇಲ್ಲಿರುವ ಯಾರಿಗಾದರೂ ಕೊಡಬಹುದು ಅಂದರು. ಹೆಚ್ಚಿನವರು ಕೊಟ್ಟರು. ಪಡೆದವರಿಗೆ ಎಷ್ಟು ಖುಷಿ ಆಗಿರಬಹುದು ಅಂತ ಕೊಟ್ಟವರನ್ನು ಕೇಳಿದಾಗ ಅವರ ಅಂದಾಜು ನಿಜಕ್ಕಿಂತ ಕಡಿಮೆ ಬಂತು. ಕೊಡುವವರು ವಸ್ತುವನ್ನು ನೋಡುತ್ತಾರೆ, ಒಂದು ಲೋಟ ತಾನೇ ಅಂತ. ಪಡೆಯುವವರಿಗೆ ಲೋಟಕ್ಕಿಂತ ಹೆಚ್ಚಾಗಿ, ಗುರುತಿಲ್ಲದ ಯಾರೋ ತನ್ನನ್ನು ನೆನೆಸಿಕೊಂಡರು ಅನ್ನುವುದು ಮುಟ್ಟುತ್ತದೆ. ಇವರಿಬ್ಬರದ್ದೇ 2018ರ ಇನ್ನೊಂದು ಅಧ್ಯಯನ ಕೃತಜ್ಞತೆಯ ಪತ್ರಗಳ ಮೇಲೆ. ಬರೆದವರು, ಓದುವವರಿಗೆ ಮುಜುಗರ ಆಗಬಹುದು ಅಂದುಕೊಂಡದ್ದು ಜಾಸ್ತಿ. ಎಷ್ಟು ಖುಷಿಪಡಬಹುದು ಅಂದುಕೊಂಡದ್ದು ಕಡಿಮೆ.

ಅದನ್ನು ಓದಿದ ಮೇಲೆ ನಾನೂ ಒಬ್ಬರಿಗೆ ಬರೆದೆ. ನನ್ನ ಮೊದಲ ಕೆಲಸದಲ್ಲಿ ಹಿರಿಯರೊಬ್ಬರಿದ್ದರು. ಒಮ್ಮೆ ನಾನು ಲೆಕ್ಕದಲ್ಲಿ ದೊಡ್ಡ ತಪ್ಪು ಮಾಡಿದ್ದೆ. ಅವರು ಅದನ್ನು ಯಾರಿಗೂ ಹೇಳದೆ ಸಂಜೆ ಉಳಿದು ನನ್ನ ಜೊತೆ ಕೂತು ಸರಿ ಮಾಡಿಸಿದ್ದರು. ಅದನ್ನೆಲ್ಲ ನೆನೆಸಿಕೊಂಡು ನಾಲ್ಕು ಸಾಲು ಬರೆದು, ಕಳಿಸಲೋ ಬೇಡವೋ ಅಂತ ಎರಡು ದಿನ ಇಟ್ಟುಕೊಂಡು, ಕೊನೆಗೆ ಕಳಿಸಿದೆ. ಉತ್ತರ ಬಂತು. ಅವರಿಗೆ ಆ ಸಂಜೆ ಒಂಚೂರೂ ನೆನಪಿಲ್ಲ! 'ಇರಬಹುದು ಕಣಮ್ಮಾ, ಎಷ್ಟೋ ತಪ್ಪು ತಿದ್ದಿದ್ದೀನಿ' ಅಂತ ಬರೆದಿದ್ದರು. ಆಮೇಲೆ ಇನ್ನೊಂದು ಸಾಲು. 'ನೀನು ಮಾತ್ರ ಆ ಮಳೆಯ ದಿನ ಕೊಡೆ ಕೊಟ್ಟು ನೆನೆದುಕೊಂಡು ಹೋದದ್ದು ನೆನಪಿದೆ.'

ಯಾವ ಮಳೆ, ಯಾವ ಕೊಡೆ? ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಪುಸ್ತಕದಲ್ಲಿ ಬರೆದದ್ದು ನನ್ನ ಪುಸ್ತಕದಲ್ಲಿಲ್ಲ, ನನ್ನದರಲ್ಲಿ ಇದ್ದದ್ದು ಅವರದರಲ್ಲಿಲ್ಲ. ಇಬ್ಬರೂ ಸಾಲಗಾರರು, ಇಬ್ಬರಿಗೂ ಕೊಟ್ಟ ನೆನಪಿಲ್ಲ. ಬ್ಯಾಂಕಿನವರು ಈ ಲೆಕ್ಕ ನೋಡಿದರೆ ತಲೆ ಚಚ್ಚಿಕೊಳ್ಳುತ್ತಾರೆ.

ಬ್ಯಾಂಕು ಅಂದದ್ದಕ್ಕೆ ನೆನಪಾಯಿತು, ಪರ್ಸುಗಳ ಕಥೆ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು. 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಜಾಸ್ತಿ ಪರ್ಸುಗಳನ್ನು ಸಂಶೋಧಕರ ಕಡೆಯವರು ಬ್ಯಾಂಕು, ಹೋಟೆಲು, ಅಂಚೆ ಕಚೇರಿ ಇಂಥ ಕಡೆ ಕೊಟ್ಟು, 'ಬೀದಿಯಲ್ಲಿ ಸಿಕ್ಕಿತು, ನೋಡಿಕೊಳ್ಳಿ' ಅಂತ ಹೇಳಿ ಹೋದರು. ಒಳಗೆ ಕಳೆದುಕೊಂಡವರ ವಿಳಾಸ, ಒಂದು ಕೀ, ಸಾಮಾನಿನ ಪಟ್ಟಿ. ಕೆಲವದರಲ್ಲಿ ದುಡ್ಡು, ಕೆಲವದರಲ್ಲಿ ಇಲ್ಲ. ದುಡ್ಡಿದ್ದರೆ ಜೇಬಿಗೆ ಹೋಗುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ. ನಾನೂ ಅಂದುಕೊಂಡಿದ್ದೆ. ಅರ್ಥಶಾಸ್ತ್ರಜ್ಞರನ್ನು ಕೇಳಿದಾಗ ಅವರ ಊಹೆಯೂ ಸರಿ ಬರಲಿಲ್ಲ. ಆದದ್ದು ಏನೆಂದರೆ, ದುಡ್ಡಿಲ್ಲದ ಪರ್ಸುಗಳಲ್ಲಿ ನೂರಕ್ಕೆ 40ರ ಬಗ್ಗೆ ಕಳೆದುಕೊಂಡವರಿಗೆ ಸುದ್ದಿ ಮುಟ್ಟಿತು. ದುಡ್ಡಿದ್ದವುಗಳಲ್ಲಿ 51. 40 ದೇಶಗಳಲ್ಲಿ 38ರಲ್ಲಿ ಹೀಗೇ. ಮೂರು ದೇಶಗಳಲ್ಲಿ ದೊಡ್ಡ ಮೊತ್ತ ಇಟ್ಟು ನೋಡಿದರು, ಅದು 72ಕ್ಕೆ ಏರಿತು. ಜನ ದೇವರುಗಳು ಅಂತಲ್ಲ. ಉಳಿದವು ವಾಪಸ್ ಬರಲಿಲ್ಲವಲ್ಲ! ಕದ್ದವನು ಅನ್ನುವ ಹೆಸರನ್ನು ತನಗೆ ತಾನೇ ಇಟ್ಟುಕೊಳ್ಳಲು ಜನರಿಗೆ ಮನಸ್ಸು ಒಪ್ಪುವುದಿಲ್ಲ ಅಂತ ಸಂಶೋಧಕರು ಹೇಳುತ್ತಾರೆ.

ಇಂಥ ಅಧ್ಯಯನಗಳನ್ನು ಹೇಳುವಾಗ ಒಂದು ತಪ್ಪೊಪ್ಪಿಗೆಯೂ ಇರಲಿ. ಹಿಂದೆ ನಾನು ಪ್ರತಿ ಸಭೆಯಲ್ಲೂ ಒಂದು ಕಥೆ ಹೇಳುತ್ತಿದ್ದೆ. 1972ರ ಪ್ರಯೋಗ, ಐಸೆನ್ ಮತ್ತು ಲೆವಿನ್ ಅವರದ್ದು. ಫೋನ್ ಬೂತಿನಲ್ಲಿ ಒಂದು ನಾಣ್ಯ ಬಿಟ್ಟಿರುತ್ತಾರೆ. ನಾಣ್ಯ ಸಿಕ್ಕವರು ಹೊರಗೆ ಬಂದಾಗ ಎದುರಿಗೆ ಯಾರೋ ಕಾಗದಗಳನ್ನು ಬೀಳಿಸುತ್ತಾರೆ. ನಾಣ್ಯ ಸಿಕ್ಕ 16 ಜನರಲ್ಲಿ 14 ಜನ ಎತ್ತಿಕೊಟ್ಟರು, ಸಿಗದ 25 ಜನರಲ್ಲಿ ಒಬ್ಬರೇ. ಎಷ್ಟು ಚೆಂದ ಅಲ್ವಾ? ಚಿಲ್ಲರೆ ಖುಷಿ, ದೊಡ್ಡ ಫಲ. ಚಪ್ಪಾಳೆ ಬರುತ್ತಿತ್ತು. ಆದರೆ ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಅಂತ ಹೇಳುವ ನೆಪದಲ್ಲಿ ಇವತ್ತೂ ಹೇಳಿಬಿಟ್ಟೆ.

ಸಣ್ಣ ಖುಷಿಗಳ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಜಾಸ್ತಿ ಹೊತ್ತು ಬೇಡ, ನಿಮಗೇ ಗೊತ್ತಿರುವುದು.

ಎಡ್ ಡೀನರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ, ಜೀವನಪೂರ್ತಿ ಸಂತೋಷವನ್ನೇ ಅಳೆಯುತ್ತಾ ಕೂತವರು. ಅವರೂ ಜೊತೆಗಾರರೂ 1991ರಲ್ಲಿ ಹೇಳಿದ್ದು ಹೀಗೆ. ಒಬ್ಬ ಮನುಷ್ಯ ಸುಖವಾಗಿದ್ದಾನೆ ಅನ್ನುವುದು ಅವನ ಖುಷಿ ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ನಿಂತಿಲ್ಲ, ಎಷ್ಟು ಸಲ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಒಂದೇ ಸಲ ಧೋ ಅಂತ ಸುರಿದ ಮಳೆಗಿಂತ ಆಗಾಗ ಬಂದುಹೋಗುವ ಹನಿ ಮಳೆ. 1978ರಲ್ಲಿ ಬ್ರಿಕ್‌ಮನ್ ಮತ್ತು ಜೊತೆಗಾರರು ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದ್ದರು. ಸ್ನೇಹಿತರ ಜೊತೆ ಹರಟೆ, ಟಿವಿ ನೋಡುವುದು, ಪತ್ರಿಕೆ ಓದುವುದು, ಇಂಥ ಮಾಮೂಲಿ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಬೇರೆಯವರಿಗಿಂತ ಕಡಿಮೆ ಇತ್ತು. ಹಾಗಂತ ಲಾಟರಿ ಬಂದರೆ ಬೇಡ ಅನ್ನುವಷ್ಟು ವೈರಾಗ್ಯ ನನಗೆ ಬಂದಿಲ್ಲ.

ನನ್ನ ಪಟ್ಟಿ ಕೇಳಿ. ಕೀ ಗೊಂಚಲಲ್ಲಿ ಮೊದಲ ಸಲಕ್ಕೇ ಸರಿಯಾದ ಕೀ ಸಿಗುವುದು. ಎಚ್ಚರವಾಗಿ ಗಡಿಯಾರ ನೋಡಿದರೆ ಏಳಲು ಇನ್ನೂ ಒಂದು ಗಂಟೆ ಇರುವುದು. ದಿಂಬನ್ನು ತಿರುಗಿಸಿದಾಗ ಸಿಗುವ ತಣ್ಣನೆಯ ಬದಿ. ಮನೆಯೊಳಗೆ ಕಾಲಿಟ್ಟ ಮೇಲೆಯೇ ಮಳೆ ಶುರುವಾಗುವುದು. ಎಲ್ಲೋ ಓಡುತ್ತಿದ್ದ ಮೋಟರು ನಿಂತಾಗ, ಅಯ್ಯೋ ಇಷ್ಟು ಹೊತ್ತು ಈ ಸದ್ದು ಇತ್ತಾ ಅನ್ನಿಸುವುದು. ಮುಂದಿನ ಬಸ್ಸಿನ ಹಿಂದಿನ ಕಿಟಕಿಯಿಂದ ಮಗುವೊಂದು ಕೈ ಬೀಸಿ, ನಾವು ಬೀಸುತ್ತೇವೋ ಇಲ್ಲವೋ ಅಂತ ಕಾಯುವುದು. ಇವೆಲ್ಲ ಹಿತ್ತಲ ಗಿಡಗಳು. ಮದ್ದಲ್ಲ ಅಂತ ಬಿಟ್ಟಿರುತ್ತೇವೆ.

ಬಿಟ್ಟಿರುತ್ತೇವೆ ಅನ್ನುವುದಕ್ಕಿಂತ, ಅವು ಬಂದಾಗ ನಾವು ಅಲ್ಲಿರುವುದಿಲ್ಲ. ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ 2,250 ಜನರಿಗೆ ದಿನದಲ್ಲಿ ಆಗಾಗ ಫೋನಿನ ಮೂಲಕ 'ಈಗ ಏನು ಮಾಡ್ತಿದ್ದೀರಿ? ಮನಸ್ಸು ಅಲ್ಲೇ ಇದೆಯಾ?' ಅಂತ ಕೇಳಿದರು. ನೂರಕ್ಕೆ ಸುಮಾರು 47 ಸಲ ಮನಸ್ಸು ಬೇರೆಲ್ಲೋ ಇತ್ತು. ಅಲೆಯುತ್ತಿದ್ದಾಗ ಖುಷಿ ಕಡಿಮೆಯೂ ಇತ್ತು. ದಿಂಬಿನ ತಣ್ಣನೆಯ ಬದಿ ಕೆನ್ನೆಗೆ ಸಿಕ್ಕಿದ್ದು ನಿಜ. ಕೆನ್ನೆಯ ಯಜಮಾನರು ಮಾತ್ರ ನಾಳೆಯ ಮೀಟಿಂಗಿನಲ್ಲಿದ್ದರು.

ಹಾಗಾದರೆ ಬರೆದಿಡಬೇಕಾ ಅಂತ ಕೇಳುತ್ತೀರಿ. ಎಮನ್ಸ್ ಮತ್ತು ಮೆಕಲ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೊಮ್ಮೆ ಒಳ್ಳೆಯದನ್ನು ಬರೆದವರು ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿಯಿಂದಿದ್ದರು. ಅದು ಸರಿ. ಆದರೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಜೊತೆಗಾರರು ನೋಡಿದಾಗ, ವಾರಕ್ಕೊಮ್ಮೆ ಬರೆದವರಿಗೆ ಉಪಯೋಗ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ. ನನಗೆ ಅದು ಸರಿಯಾಗಿ ಅರ್ಥವಾಗುತ್ತದೆ. ನಾನು ದಿನಾ ಬರೆಯಲು ಹೋಗಿ ಹತ್ತನೇ ದಿನಕ್ಕೆ 'ಆರೋಗ್ಯ, ಮನೆಯವರು, ಕೆಲಸ' ಅಂತ ಹಾಜರಿ ಹಾಕುವ ಹಾಗೆ ಹಾಕತೊಡಗಿದ್ದೆ. ಆ ಪುಸ್ತಕದಲ್ಲಿ ಈಗ ಫೋನ್ ನಂಬರುಗಳಿವೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಮುಂದಿನ ಸಾಲಿನ ಒಬ್ಬ ಮಹಿಳೆ ಕೇಳಿದರು: 'ಮೇಡಂ, ಇವತ್ತಿನ ಕಾಲದಲ್ಲಿ ಗುರುತಿಲ್ಲದವರು ಒಳ್ಳೆಯದಾಗಿ ಮಾತಾಡಿಸಿದ್ರೆ ಮೊದಲು ಭಯ ಆಗುತ್ತೆ. ನನ್ನ ಮಗಳಿಗೆ ಏನು ಹೇಳಲಿ?')

ಭಯ ಇಟ್ಟುಕೊಳ್ಳಲಿ ಅಮ್ಮ. ನಾನು ತೆಗೆದುಬಿಡಿ ಅನ್ನುವುದಿಲ್ಲ. ಹೆಣ್ಣುಮಕ್ಕಳಿಗೆ ಈ ಲೆಕ್ಕ ಬೇರೆಯೇ. ರೈಲಿನ ಪ್ರಯೋಗವನ್ನು ರಾತ್ರಿ ಹತ್ತು ಗಂಟೆಯ ಖಾಲಿ ಬೋಗಿಯಲ್ಲಿ ಮಾಡಿ ಅಂತ ನಾನು ಯಾರಿಗೂ ಹೇಳಲಾರೆ. ನನಗೆ ಅನುಭವಕ್ಕೆ ಬಂದದ್ದು ಒಂದಿದೆ. ನಿಜವಾಗಿ ಸಹಾಯ ಮಾಡುವವರು ಸಾಮಾನ್ಯವಾಗಿ ಬೇಗ ಹೊರಟುಹೋಗುತ್ತಾರೆ. ಚೀಲ ಎತ್ತಿಕೊಟ್ಟು ತಮ್ಮ ದಾರಿ ಹಿಡಿಯುತ್ತಾರೆ. ಎತ್ತಿಕೊಟ್ಟು ಅಲ್ಲೇ ನಿಂತು ನಂಬರು ಕೇಳುವವರ ವಿಷಯದಲ್ಲಿ ಮಗಳ ಭಯವೇ ಸರಿ. ಇದು ಶಾಸ್ತ್ರ ಅಲ್ಲ, ನನ್ನ ಅಂದಾಜು.

(ಇನ್ನೊಬ್ಬರು: 'ಉಪಕಾರ ಮಾಡಿದ್ದಕ್ಕೆ ನಮಗೆ ಖುಷಿ ಆಗುತ್ತೆ ಅಂದ್ರೆ, ಅದೂ ಸ್ವಾರ್ಥವೇ ಅಲ್ವಾ?')

ಆಗಲಿ ಬಿಡಿ. ಕುರ್ಚಿ ಕೊಟ್ಟವರಿಗೆ ಒಳಗೊಳಗೇ ಖುಷಿ ಆಗಿತ್ತು ಅಂತ ಗೊತ್ತಾದರೆ ನನಗೆ ಸಮಾಧಾನವೇ. ಮೂರು ರಾತ್ರಿ ನೆಲದ ಮೇಲೆ ಕೂತದ್ದಕ್ಕೆ ಅಷ್ಟಾದರೂ ಸಿಗಬೇಕಲ್ಲ.

(ಆಮೇಲೆ ಸ್ವಲ್ಪ ಹೊತ್ತು ಯಾರೂ ಕೈ ಎತ್ತಲಿಲ್ಲ. ಮುಗಿಸೋಣ ಅನ್ನುವಷ್ಟರಲ್ಲಿ ಮೂರನೇ ಸಾಲಿನ ಹುಡುಗ ಎದ್ದು ನಿಂತ. ವೈರು ಸಿಕ್ಕಿಸಿದವನೇ. 'ಮೇಡಂ, ಪ್ರಶ್ನೆ ಅಲ್ಲ ಇದು. ನಿಮ್ಮ ತಂದೆ ಹುಷಾರಾದ್ರಾ?')

ಈ ಕುರ್ಚಿಯ ಕಥೆಯನ್ನು ನಾನು ಇದೇ ಮೊದಲಲ್ಲ, ಹತ್ತಾರು ಸಭೆಗಳಲ್ಲಿ ಹೇಳಿದ್ದೇನೆ. ಕೌಂಟರಿನವರ ಬಗ್ಗೆ ಕೇಳಿದ್ದಾರೆ, ಕುರ್ಚಿಯವರ ಬಗ್ಗೆ ಕೇಳಿದ್ದಾರೆ. ಅಪ್ಪನ ಬಗ್ಗೆ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಹುಷಾರಾದರು ಕಣಪ್ಪ. ನಾಲ್ಕನೇ ದಿನ ಮನೆಗೆ ಕರೆದುಕೊಂಡು ಬಂದೆವು. ಆಮೇಲೆ ಹನ್ನೊಂದು ವರ್ಷ ನಮ್ಮ ಜೊತೆ ಇದ್ದರು.

(ಅವನು ತಲೆಯಾಡಿಸಿ ಕೂತ. ಈ ಸಲ ಮರೆಯಬಾರದು ಅಂತ ಗೆರೆ ಹಾಕಲು ಪೆನ್ನು ಹುಡುಕಿದೆ, ತಂದಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದವರು ತಮ್ಮ ಜೇಬಿನಿಂದ ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟರು.)